ಕೋವಿ ಗೌಡರ ಗುರಿ

ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಎಲ್ಲಿಗೇ ಹೋಗಿ, ಹೋಬಳಿಗೊಬ್ಬರು ಕೋವಿ ಗೌಡರು ಸಿಕ್ಕೇ ಸಿಗುತ್ತಾರೆ. ಬೆಳೆ ರಕ್ಷಣೆಗೆಂದು ಅಪ್ಪನ ಕಾಲದಲ್ಲಿ ಬಂದ ಒಂಟಿ ನಳಿಗೆಯ ಕೋವಿ, ಅದನ್ನು ಒರೆಸಲು ಹಳೇ ಪಂಚೆಯ ತುಂಡು, ಲೈಸೆನ್ಸ್ ಪುಸ್ತಕಕ್ಕೊಂದು ಪ್ಲಾಸ್ಟಿಕ್ ಕವರು. ಕಬ್ಬಿನ ಗದ್ದೆಗೆ ಹಂದಿ ನುಗ್ಗಿದ ರಾತ್ರಿ ಗೌಡರು ಕೋವಿ ಹಿಡಿದು ಬದುವಿನ ಮೇಲೆ ನಿಲ್ಲುತ್ತಾರೆ. ಮಗ ಪಟಾಕಿ ಹಚ್ಚುತ್ತಾನೆ. ಹಂದಿಗಳು ಪಕ್ಕದವರ ಗದ್ದೆಗೆ ಹೋಗಿ, ಅಲ್ಲೂ ಪಟಾಕಿ ಹೊಡೆದ ಮೇಲೆ ವಾಪಸ್ ಬರುತ್ತವೆ.

‘ಯಾಕೆ ಗೌಡ್ರೆ, ಈಡು ಹೊಡೀಲಿಲ್ವಾ?’ ಎಂದು ಯಾರಾದರೂ ಕೇಳಿದರೆ ಮುಗಿಯಿತು. ಕೇಳಿದವನ ಬೆಳಗು ಟೀ ಅಂಗಡಿಯಲ್ಲೇ ಮಧ್ಯಾಹ್ನವಾಗುತ್ತದೆ.

‘ಕೋವೀಲಿ ತೆಪ್ಪಿಲ್ಲ ಕನ್ಲಾ, ಗುಂಡಲ್ಲಿ ಐತೆ. ಚರೆ ಹಾಕುದ್ರೆ ಹರಡ್ಕೊಂಡೋಯ್ತದೆ. ಒಂಟಿ ಗುಂಡೇ ಆಗ್ಬೇಕು. ಅದ್ನೂ ನಾವೇ ಎರ್ಕೋಬೇಕು.’ ಇಲ್ಲಿಂದ ಪಾಠ ಶುರು. ಒಂದು ಪೌಂಡು ಸೀಸವನ್ನು 12 ಸಮ ಉಂಡೆ ಮಾಡಿದರೆ ಯಾವ ನಳಿಗೆಗೆ ಒಂದುಂಡೆ ಸರಿಯಾಗಿ ಕೂರುತ್ತದೋ ಅದೇ 12 ಬೋರು. ಈ ಲೆಕ್ಕವನ್ನು ಗೌಡರು ಮೇಜಿನ ಮೇಲೆ ನೀರಲ್ಲಿ ಬರೆದು ತೋರಿಸುತ್ತಾರೆ. ರೈಫಲ್ಲಿನ ನಳಿಗೆಯೊಳಗೆ ಸುರುಳಿ ಗೀರುಗಳಿವೆ, ಗುಂಡು ತಿರುಗುತ್ತಾ ನೆಟ್ಟಗೆ ಹೋಗುತ್ತದೆ; ನಮ್ಮದು ಬರೀ ನುಣುಪು ಕೊಳವೆ, ಗುಂಡು ಒಳಗೆ ಅತ್ತಿತ್ತ ತಾಗಿಕೊಂಡು ಹೊರಬಿದ್ದ ಮೇಲೆ ತನಗೆ ಕಂಡ ದಾರಿ ಹಿಡಿಯುತ್ತದೆ.

ಇದೆಲ್ಲ ನಿಜವೇ. ಈ ತಲೆನೋವಿಗೆ 1898ರಲ್ಲಿ ಜರ್ಮನಿಯ ವಿಲ್‌ಹೆಲ್ಮ್ ಬ್ರೆನೆಕೆ ಗುಂಡಿನ ಬಾಲಕ್ಕೆ ಬಿಲ್ಲೆ ಕಟ್ಟಿ ಮದ್ದು ಹುಡುಕಿದ. 1931ರಲ್ಲಿ ಅಮೆರಿಕದ ಕಾರ್ಲ್ ಫಾಸ್ಟರ್ ಗುಂಡಿನ ಹಿಂಭಾಗವನ್ನೇ ಟೊಳ್ಳು ಮಾಡಿದ. ಗೌಡರ ಕೈಚೀಲದಿಂದ ಮೊಮ್ಮಗಳ ಶಟಲ್ ಕಾಕ್ ಹೊರಬರುವುದು ಈಗ. ಅದನ್ನು ಬುಡ ಮೇಲಾಗಿ ಎಸೆಯುತ್ತಾರೆ. ಅದು ಗಾಳಿಯಲ್ಲೇ ಪಲ್ಟಿ ಹೊಡೆದು, ತೂಕದ ತಲೆ ಮುಂದಾಗಿ, ಎದುರು ಕೂತವನ ಟೀ ಲೋಟದೊಳಗೆ ಬೀಳುತ್ತದೆ. ‘ನೋಡ್ದಾ? ಎಂಗೆಸುದ್ರೂ ಮೂತಿಯೇ ಮುಂದೆ!’ ಗೌಡರು ಗುರಿಯಿಟ್ಟಿದ್ದು ಬಾಗಿಲ ಕಡೆಗೆ ಎಂಬುದನ್ನು ಯಾರೂ ಎತ್ತುವುದಿಲ್ಲ.

ಊರಭಿಮಾನವೂ ಇಲ್ಲಿ ಸೇರಿಕೊಳ್ಳುತ್ತದೆ. ಹೈದರ್, ಟಿಪ್ಪು ಕಾಲದ ಕಬ್ಬಿಣದ ಕೊಳವೆಯ ರಾಕೆಟ್ಟುಗಳು 1780ರಲ್ಲಿ ಪೊಳ್ಳಿಲೂರಿನಲ್ಲಿ ಇಂಗ್ಲಿಷರನ್ನು ಕಂಗೆಡಿಸಿದ್ದವು; 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವು ಇಂಗ್ಲೆಂಡಿಗೆ ಹೋಗಿ ಕಾಂಗ್ರೀವ್‌ನ ರಾಕೆಟ್ಟುಗಳಿಗೆ ದಾರಿಯಾದವು. ಅವಕ್ಕೂ ಗುರಿ ಅಷ್ಟಕ್ಕಷ್ಟೇ. ಅವನ್ನು ತಿರುಗಿಸುತ್ತಾ ಹಾರಿಸುವ ಉಪಾಯ ವಿಲಿಯಂ ಹೇಲ್‌ಗೆ ಹೊಳೆದದ್ದು 1844ರಲ್ಲಿ. ‘ಟಿಪ್ಪೂಗೇ ಆಗ್ಲಿಲ್ಲ, ನಂಗೆ ಒಸಿ ಟೈಮ್ ಕೊಡಿ’ ಅನ್ನುತ್ತಾರೆ ಗೌಡರು. ಶ್ರೀರಂಗಪಟ್ಟಣದ ಟಿಪ್ಪು ಕಾಲದ ಮದ್ದಿನ ಮನೆಯನ್ನು 2017ರಲ್ಲಿ ಜೋಡಿ ರೈಲು ಹಳಿಗಾಗಿ ಇಡಿಯಾಗಿ ಎತ್ತಿ ನೂರು ಮೀಟರಿಗೂ ಮಿಕ್ಕಿ ಸರಿಸಿ, ಹೇಳಿದ ಜಾಗಕ್ಕೇ ಕೂರಿಸಿದರು. ಸಾವಿರ ಟನ್ನಿನ ಕಟ್ಟಡಕ್ಕಿರುವ ಗುರಿ ಗೌಡರ ಶಟಲ್ಲಿಗೆ ಇಲ್ಲವಲ್ಲ ಎಂದು ಅಂಗಡಿಯವನಿಗೆ ಬೇಸರ.

ಕೊಡಗಿನವರನ್ನು ಕಂಡರೆ ಮಾತ್ರ ಗೌಡರಿಗೆ ಹೊಟ್ಟೆಯುರಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಲೈಸೆನ್ಸಿನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಅವರು ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ. ‘ಕಾಯಿ ಓಡೋಗಲ್ಲ, ಹಂದಿ ಓಡ್ತದೆ’ ಎಂಬುದು ಗೌಡರ ತೀರ್ಪು.

ಒಮ್ಮೆ ಧೈರ್ಯ ಮಾಡಿ ತಮ್ಮ ಗುಂಡಿನ ನಕ್ಷೆ ಹಿಡಿದು ಲೇತ್ ಅಂಗಡಿಗೆ ಹೋದರು. ಮೇಸ್ತ್ರಿ ನಕ್ಷೆ ಮಡಚಿ ಅವರ ಜೇಬಿಗೇ ತುರುಕಿದ. ‘ಗೌಡ್ರೆ, ಪಂಪ್‌ಸೆಟ್ ಬುಷ್ ಕೇಳಿ, ಮಾಡ್ಕೊಡ್ತೀನಿ. ಇದ್ಕೆ ಕೈ ಹಾಕುದ್ರೆ ನನ್ನ ಅಂಗ್ಡಿಗೆ ಬೀಗ.’ ಲೈಸೆನ್ಸಿಲ್ಲದೆ ಮದ್ದುಗುಂಡು ತಯಾರಿಸಿದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ, 2019ರ ತಿದ್ದುಪಡಿಯ ಮೇಲೆ, ಕನಿಷ್ಠ 7 ವರ್ಷ ಜೈಲು, ಜೀವಾವಧಿಯೂ ಆಗಬಹುದು. ಹಂದಿಗೆ ಬೇರೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ. ಮೇಸ್ತ್ರಿ ಇನ್ನೂ ಒಂದು ಹೇಳಿದ: ಅಳತೆ ತಪ್ಪಿದ ಗುಂಡಿಗೆ ನಳಿಗೆ ಸೀಳಿದರೆ ಹಂದಿ ಉಳಿಯುತ್ತದೆ, ಗೌಡರು ಉಳಿಯುವುದಿಲ್ಲ. ಅಂದಿನಿಂದ ಪ್ರಯೋಗವೆಲ್ಲ ನೋಟ್ ಬುಕ್ಕಿನಲ್ಲೇ ನಡೆಯುತ್ತಿದೆ.

ಚುನಾವಣೆ ಬಂದರೆ ಲೈಸೆನ್ಸಿನ ಕೋವಿಗಳು ಠಾಣೆ ಸೇರಬೇಕು. 2024ರ ಲೋಕಸಭೆ ಚುನಾವಣೆಯಲ್ಲಿ ಗೌಡರೂ ಕೋವಿಗೆ ಎಣ್ಣೆ ಹಚ್ಚಿ ಒಯ್ದರು. ರಿಜಿಸ್ಟರು ತೆರೆದ ಹೆಡ್ ಕಾನ್‌ಸ್ಟೆಬಲ್‌ಗೂ ನಿಂತ ನಿಲುವಲ್ಲೇ ಅರ್ಧ ಗಂಟೆ ಪಾಠವಾಯಿತು: ಬ್ರೆನೆಕೆ, ಫಾಸ್ಟರ್, ಶಟಲ್ ಕಾಕ್. ಆತ ತಾಳ್ಮೆಯಿಂದ ಕೇಳಿ, ತೋಟೆಗಳನ್ನು ಎಣಿಸಿ, ಹಿಂದಿನ ಪುಟ ತಿರುವಿದ.

‘ಹೋದೊರ್ಷ ಅಸೆಂಬ್ಲಿ ಎಲೆಕ್ಷನ್ನಿಗೂ ಇವೇ ಐದು ತೋಟೆ ಇಟ್ಟಿದ್ರಲ್ಲ ಗೌಡ್ರೆ. ಅದ್ರ ಹಿಂದ್ಲ ಎಲೆಕ್ಷನ್ನಿಗೂ ಐದೇ.’

‘ಗುರಿ ಕೂರೋಗಂಟ ಒಂದೂ ದಂಡ ಮಾಡಬಾರ್ದು ಸಾರ್,’ ಎಂದು ಗೌಡರು ರಸೀದಿಗೆ ಕೈಚಾಚಿದರು.