ಹೈದುನ್ನ ಬಯ್ಯಬೇಡ ಕನಣ್ಣ

ಹೈದುನ್ನ ಬಯ್ಯೋದ ಬುಟ್ಬುಡಣ್ಣ. ಬೇಲಿ ಮೇಲಿಂದ್ಲೇ ಕೊಡು ಇತ್ತ, ಡಬ್ಬಾನೂ ಕೊಡು, ಒಳಗಿರೋ ರಿಮೋಟನ್ನೂ ಕೊಡು, ನೋಡ್ತೀನಿ. ಇದು ಪಿಎಸ್4 ಗೇಮಿನ ಕಂಟ್ರೋಲರು, ಡುಯಲ್‌ಶಾಕ್ 4. ಅರ್ಧ ಬೆಲೆಗೆ ಸಿಕ್ತು ಅಂದ್ನಲ್ಲ, ಅಲ್ಲೇ ನಂಗೆ ಅನುಮಾನ ಬಂತು. ಚೀನಾದಲ್ಲಿ ಮಾಡಿದ್ದು ಅಂತ ಬರ್ದದೆ ಅಂತೀಯಾ? ಅದರಿಂದ ಏನೂ ಗೊತ್ತಾಗಲ್ಲ, ಅಸಲಿಯೂ ಅಲ್ಲೇ ತಯಾರಾಗೋದು.

ಬೆನ್ನ ಮೇಲಿನ ಚೀಟಿ ನೋಡು. ಸಿಯುಎಚ್-ಝಡ್‌ಸಿಟಿ2 ಅಂತದೆ. ಅದು 2016ರಲ್ಲಿ ಬಂದ ಮಾದರಿ. ಅದ್ರಲ್ಲಿ ಮುಂದುಗಡೆ ದೀಪ ಉರಿದ್ರೆ, ಬೆರಳಾಡಿಸೋ ಈ ಕರಿ ಪಟ್ಟಿ ಮೇಲ್ತುದೀಲೂ ಸಣ್ಣ ಗೆರೆಯಾಗಿ ಬೆಳಕು ಕಾಣಬೇಕು. ನಿನ್ನೆ ಹೈದ ಉರಿಸಿ ತೋರಿಸ್ದಾಗ ಆ ಜಾಗ ಕತ್ತಲಾಗೇ ಇತ್ತು. ಇದೇ ಪಟ್ಟೀನ ಒತ್ತಿದ್ರೆ ಟಕ್ ಅಂತದೆ, ಬೆರಳು ಎಳುದ್ರೆ ಮಾತ್ರ ಏನೂ ಆಗ್ತಿಲ್ಲ. ಟೀವೀಲಿ ಅಕ್ಷರದ ಕೀಬೋರ್ಡ್ ತಗುಸಿ, ಬಲಗಡೆ ಕಡ್ಡಿ ಒಳಕ್ಕೆ ಅದುಮಿ, ಕೈ ಓರೆ ಮಾಡುದ್ರೆ ಗುರುತು ತಾನೂ ಓಡಾಡಬೇಕು. ಒಳಗೆ ಅಲುಗಾಟ ತಿಳಿಯೋ ಸೆನ್ಸರ್ ಇದ್ರಲ್ವಾ ಓಡಾಡೋದು! ಹೊರಗಡೆ ಚಿಪ್ಪು ಅಚ್ಚು ಹೊಯ್ಯೋದು ಸುಲಭ, ಇಂಥವನ್ನೆಲ್ಲ ಇಡಕ್ಕೆ ಕಾಸು ಬೇಕು. ಆ ಕಾಸನ್ನೇ ಅವರು ಉಳಿಸ್ಕೊಳ್ಳೋದು. ಕಾರು ರೇಸಲ್ಲೂ ನೋಡು, ಕೆಳಗಿನ ಈ ಗುಂಡಿ ಅರ್ಧ ಒತ್ತಿದ್ರೆ ಅರ್ಧ ಸ್ಪೀಡು ಬರಬೇಕು. ಇದ್ರಲ್ಲಿ ಒಂದೋ ನಿಂತದೆ, ಇಲ್ಲ ಒಂದೇ ಏಟಿಗೆ ನುಗ್ತದೆ.

ನೀನು ಅರಿಸಿನ ಬೆಳೆಯೋನು. ಕೊಂಬಿನ ಮೇಲೆ ಹಳದಿ ಮಿಂಚ್ತದೆ ಅಂತ ಯಾವ ಸಾವ್ಕಾರ ತಗೊಂಡಾನು? ಮುರಿದು ಒಳಗಡೆ ಬಣ್ಣ ನೋಡ್ತಾನೆ. ಪಾಪ, ಮುಟ್ಟಿ ನೋಡಕ್ಕೂ ಆಗದ ಮಾಲನ್ನ ಹದಿನಾರು ವರ್ಸದ ಹೈದ ಫೋಟೋ ನೋಡೇ ಕೊಳ್ಳಬೇಕು. ಇದ್ನೆಲ್ಲ ಕೈಲಿ ಹಿಡ್ದು ನೋಡೋ ಅಂಗಡಿ ನಮ್ಮ ಚಂದಕವಾಡೀಲಿ ಎಲ್ಲದೆ? ಅತ್ತಿಗೆ ಕೊಟ್ಟ ದುಡ್ಡು, ಅವನು ಕೂಡಿಟ್ಟ ದುಡ್ಡು. ಮೋಸ ಮಾಡಿದೋನನ್ನ ಬುಟ್ಟು ಮೋಸ ಹೋದೋನನ್ನ ಬಯ್ದರೆ ನಂಗೆ ಸಂಕಟ ಆಗ್ತದೆ ಅಣ್ಣ.

ಕಡಿಮೆ ಬೆಲೇದೆಲ್ಲ ಕಳ್ಳಮಾಲು ಅಂತೇನೂ ಅಲ್ಲ. ರೆಡ್‌ಗೇರ್, ಕಾಸ್ಮಿಕ್ ಬೈಟ್ ಅಂತ ತಮ್ಮ ಹೆಸರಲ್ಲೇ ಮಾರೋರು ಅವ್ರೆ. ನಮ್ಮ ಮಿಷಿನ್ನಿಗೆ ಹೊಂದ್ತದಾ ಅಂತ ಮೊದಲೇ ನೋಡ್ಕೊಂಡ್ರೆ ಆಯ್ತು. ಸೋನಿ ಅಂತ ಅಚ್ಚೊತ್ತಿ ಇಂಥದ್ನ ಕೊಡೋದದಲ್ಲ, ಅದು ದ್ರೋಹ. ಬ್ಯಾಟರೀನೂ ಎಂಥದು ಹಾಕವ್ರೋ, ರಾತ್ರಿ ದಿಂಬಿನ ಪಕ್ಕ ಚಾರ್ಜಿಗೆ ಹಾಕಿ ಮಲಗಬೇಡ ಅಂತ ಹೈದುಂಗೆ ಹೇಳು.

ಡಬ್ಬ ಒಲೆಗೆ ಹಾಕ್ಬುಟ್ಟೀರಿ, ಜೋಪಾನ. ಹೊರದೇಶದಿಂದ ತರಿಸಿದ ಮಾಲಿನ ಮೇಲೆ ತರಿಸಿದೋರ ಹೆಸರು ವಿಳಾಸ, ಎಂಆರ್‌ಪಿ, ಯಾವ ದೇಶದ್ದು ಅಂತೆಲ್ಲ ಇರಲೇಬೇಕು. ಈ ಡಬ್ಬದಲ್ಲಿ ವಿಳಾಸಾನೇ ಇಲ್ಲ. ಅದೇ ನಮ್ಗೆ ಸಾಕ್ಷಿ, ಫೋಟೋ ತೆಗೀಬೇಕು. 2020ರ ಇ-ಕಾಮರ್ಸ್ ನಿಯಮದಲ್ಲಿ, ದೂರು ಕೊಟ್ಟ 48 ಗಂಟೆ ಒಳಗೆ ಬಂತು ಅಂತ ಕಂಪನಿಯೋರು ಒಪ್ಕೋಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಜಗ್ಗದೇ ಹೋದ್ರೆ 1915ಕ್ಕೆ ಫೋನ್ ಮಾಡಾಣ, ಕನ್ನಡದಲ್ಲೇ ಹೇಳ್ಬೋದು. ಅದಕ್ಕೂ ಬಗ್ಗಲಿಲ್ಲ ಅಂದ್ರೆ ಮಾರಿದೋನು ಯಾವ ಊರಲ್ಲೇ ಇರಲಿ, ನಾವು ಇರೋ ಜಿಲ್ಲೇಲೇ ಕೇಸು ಹಾಕಕ್ಕೆ 2019ರ ಗ್ರಾಹಕರ ಕಾಯ್ದೇಲಿ ಜಾಗ ಅದೆ. ಚಾಮರಾಜನಗರದ ಗ್ರಾಹಕರ ಆಯೋಗಕ್ಕೆ ಹೋದ್ರಾಯ್ತು. ಇಷ್ಟು ಸಣ್ಣ ಮೊತ್ತಕ್ಕೆ ಫೀಜೂ ಇಲ್ಲ.

ಹೈದುನ್ನ ಫೋನ್ ತಗೊಂಡು ಈಗ್ಲೇ ಬರಕ್ಕೇಳು. ಮಾಲು ವಾಪಸ್ ಕಳ್ಸಕ್ಕೆ ಎಲ್ಲೀಗಂಟ ಗಡುವದೆ ಅಂತ ಮೊದ್ಲು ನೋಡ್ಬೇಕು.