ಗ್ರೀವಾಭಂಗ ಸಂಕೇತ ಮೀಮಾಂಸೆ

ಸೂತ್ರ: ಅಲಿಖಿತಮ್ ಅಘಟಿತಮ್.

ವೃತ್ತಿ: ಬರೆಯದಿದ್ದದ್ದು ನಡೆದಿಲ್ಲ. ವೈದ್ಯರು ರೋಗಿಯ ಕುತ್ತಿಗೆ ಮುಟ್ಟಿ ನೋಡಿರಬಹುದು, ರೋಗಿ ಅಯ್ಯೋ ಎಂದು ಕಿರುಚಿರಬಹುದು. ಚಾರ್ಟಿನಲ್ಲಿ ಇಲ್ಲವೆಂದರೆ ಆ ಮುಟ್ಟಿದ್ದೂ ಇಲ್ಲ, ಆ ಅಯ್ಯೋ ಕೂಡ ಇಲ್ಲ.

ಭಾಷ್ಯ: ವೈದ್ಯರು ಬರೆದದ್ದನ್ನು ಸಂಕೇತಗಳಿಗೆ ಇಳಿಸುವ ಈ ಶಾಸ್ತ್ರಕ್ಕೆ ಮೆಡಿಕಲ್ ಕೋಡಿಂಗ್ ಎಂದು ಹೆಸರು. ಇದರ ಗುರುಕುಲಗಳು ಹೈದರಾಬಾದಿನ ಅಮೀರ್‌ಪೇಟೆಯಲ್ಲಿವೆ. ಕೆಳಗೆ ಝೆರಾಕ್ಸ್ ಅಂಗಡಿ, ಮೇಲೆ ಕೋಚಿಂಗ್ ಸೆಂಟರ್. ಬೀದರ, ರಾಯಚೂರು, ಕಲಬುರಗಿ ಕಡೆಯ ಬಿಎಸ್ಸಿ, ಬಿ.ಫಾರ್ಮಾ ಮುಗಿಸಿದ ವಟುಗಳು ಹಾಸ್ಟೆಲ್ಲಿನಲ್ಲಿದ್ದು ಅಧ್ಯಯನ ಮಾಡಿ, ಕೋಡರ್ ಅರ್ಹತೆಯ ಸಿಪಿಸಿ ಪರೀಕ್ಷೆಯೆಂಬ ಉಪನಯನ ಮುಗಿಸಿ, ಮಾಧಾಪುರ, ಗಚ್ಚಿಬೌಲಿಯ ಗಾಜಿನ ಕಟ್ಟಡಗಳಲ್ಲಿ ಕೂತು ಅಮೆರಿಕದವರ ಕುತ್ತಿಗೆಗಳನ್ನು ಪಾರಾಯಣ ಮಾಡುತ್ತಾರೆ. 2015ರ ಅಕ್ಟೋಬರ್ 1ರಂದು ಅಮೆರಿಕ ಐಸಿಡಿ-10-ಸಿಎಂ ಎಂಬ ಸಂಹಿತೆಗೆ ಬದಲಾಯಿತು. ಸುಮಾರು 14 ಸಾವಿರವಿದ್ದ ರೋಗಸಂಕೇತಗಳು 70 ಸಾವಿರದ ಆಸುಪಾಸಿಗೆ ಏರಿದವು. ಅಷ್ಟರಲ್ಲಿ ಮನುಷ್ಯನಿಗೆ ಹೊಸ ಮೂಳೆಯೇನೂ ಹುಟ್ಟಿರಲಿಲ್ಲ.

ಪ್ರಥಮ ಅಧಿಕರಣ: ಅಸ್ಥಿಚಲನ ನಿರ್ಣಯ. ಕುತ್ತಿಗೆಯಲ್ಲಿ ಏಳು ಮೂಳೆ. ಒಂದನೆಯದು ಮುರಿದರೆ ಎಸ್12.0, ಎರಡನೆಯದಕ್ಕೆ ಎಸ್12.1, ಹೀಗೆ ಏಳನೆಯದಕ್ಕೆ ಎಸ್12.6. ಎರಡನೆಯ ಮೂಳೆಯ ಮೇಲೆ ಡೆನ್ಸ್ ಎಂಬ ಹಲ್ಲಿನಾಕಾರದ ಮೊನೆಯಿದೆ. ಅದರ ಟೈಪ್ 2 ಮುರಿತ ಮುಂದಕ್ಕೆ ಜರುಗಿದ್ದರೆ ಎಸ್12.110, ಹಿಂದಕ್ಕೆ ಜರುಗಿದ್ದರೆ ಎಸ್12.111, ಇದ್ದಲ್ಲೇ ಇದ್ದರೆ ಎಸ್12.112.

ಸಂಶಯ: ಜರುಗಿದೆಯೋ ಇಲ್ಲವೋ ವೈದ್ಯರು ಬರೆದೇ ಇಲ್ಲ. ಪೂರ್ವಪಕ್ಷ: ಎಕ್ಸ್‌ರೇ ನೋಡಿ ತಿಳಿಯಬಾರದೇ? ಸಿದ್ಧಾಂತ: ಕೂಡದು. ಫಿಲಂ ನೋಡಿ ತಾನೇ ತೀರ್ಮಾನಿಸಲು ಕೋಡರ್‌ಗೆ ಅಧಿಕಾರವಿಲ್ಲ. ವೈದ್ಯರಿಗೆ ಕ್ವೆರಿ ಕಳಿಸಬಹುದು. ಉತ್ತರ ಬರುವ ಹೊತ್ತಿಗೆ ಆ ದಿನದ ಟಾರ್ಗೆಟ್ ತಪ್ಪಿರುತ್ತದೆ. ಆದ್ದರಿಂದ ಬರೆಯದಿದ್ದರೆ ಜರುಗಿದೆ ಎಂದೇ ಗ್ರಹಿಸತಕ್ಕದ್ದು. ಮೂಳೆ ಚರ್ಮ ಸೀಳಿ ಹೊರಬಂದಿದೆಯೋ ಇಲ್ಲವೋ ಬರೆಯದಿದ್ದರೆ, ಬಂದಿಲ್ಲ ಎಂದೇ ಗ್ರಹಿಸತಕ್ಕದ್ದು. ಅರ್ಥಾತ್ ವೈದ್ಯರ ಮೌನಕ್ಕೆ ಮೂಳೆ ಜರುಗಿಸುವ ಶಕ್ತಿಯೂ ಇದೆ, ಚರ್ಮ ಕೂಡಿಸುವ ಶಕ್ತಿಯೂ ಇದೆ. ಮೊದಲನೆಯ ಸೂತ್ರಕ್ಕೆ ಇದು ವಿರೋಧವಲ್ಲವೇ? ವಿರೋಧವೇ. ಸೂತ್ರಕಾರರು ಅಮೆರಿಕದಲ್ಲಿದ್ದಾರೆ, ಕೇಳಲಾಗದು.

ದ್ವಿತೀಯ ಅಧಿಕರಣ: ಸಪ್ತಮಾಕ್ಷರ ವಿಚಾರ. ಸಂಕೇತದ ಏಳನೆಯ ಅಕ್ಷರ ‘ಎ’ ಆಗಿದ್ದರೆ ಪ್ರಥಮ. ಪ್ರಥಮವೆಂದರೆ ಮೊದಲ ಭೇಟಿ ಎಂದು ತಿಳಿದವನು ಮೂಢ. ಸಕ್ರಿಯ ಚಿಕಿತ್ಸೆ ನಡೆಯುವಷ್ಟು ಕಾಲ ಐದನೆಯ ಡಾಕ್ಟರೂ ಪ್ರಥಮರೇ. ವಾಸಿಯಾಗುತ್ತಿದ್ದರೆ ‘ಡಿ’, ತಡವಾದರೆ ‘ಜಿ’, ಮೂಳೆ ಕೂಡಿಕೊಳ್ಳದಿದ್ದರೆ ‘ಕೆ’. ಏಳು ಸ್ಥಾನ ತುಂಬದಿದ್ದಲ್ಲಿ ‘ಎಕ್ಸ್’ ಇಟ್ಟು ತುಂಬಬೇಕು. ಹಿಂದಿನಿಂದ ಕಾರು ಗುದ್ದಿ ಕುತ್ತಿಗೆ ಉಳುಕಿದರೆ ಎಸ್13.4ಎಕ್ಸ್‌ಎಕ್ಸ್‌ಎ.

ತೃತೀಯ ಅಧಿಕರಣ: ನಿಮಿತ್ತ ವಿಚಾರ. ಪೆಟ್ಟು ಯಾವುದರಿಂದ ಬಿತ್ತು? ಹಸು ಗುದ್ದಿದರೆ ಡಬ್ಲ್ಯೂ55.22, ಕಚ್ಚಿದರೆ ಡಬ್ಲ್ಯೂ55.21. ಬಾತುಕೋಳಿ ಹೊಡೆದರೂ ಉಂಟು. ಜೆಟ್ ಎಂಜಿನ್ನಿನೊಳಕ್ಕೆ ಎಳೆದುಕೊಂಡು ಹೋದವನು ಬದುಕಿ ಮರುತಪಾಸಣೆಗೆ ಬಂದರೆ ಅದಕ್ಕೂ ಉಂಟು. ಅತ್ತೆ ಮಾವಂದಿರ ಕಾಟಕ್ಕೆ ಝಡ್63.1.

ಚತುರ್ಥ ಅಧಿಕರಣ, ಪಂಚಮ ಅಧಿಕರಣ, ಅವುಗಳಿಗೆ ಅಪವಾದಗಳು ಎಂದು ಯೋಜನೆಯಿತ್ತು. ಬೇಡ. ಇದೇ ನಿಮಿತ್ತ ಪಟ್ಟಿಯಲ್ಲಿ ಡಬ್ಲ್ಯೂ14 ಎಂದೊಂದಿದೆ: ಮರದಿಂದ ಬಿದ್ದದ್ದು. ಅಲ್ಲಿಗೆ ಬಂದ ಮೇಲೆ ನಗು ಬರುವುದಿಲ್ಲ.

ತೆಲಂಗಾಣದಲ್ಲಿ ತಾಳೆಮರ ಹತ್ತಿ ಸೇಂದಿ ಇಳಿಸುವವರು ಬಿದ್ದು ಬೆನ್ನು, ಕುತ್ತಿಗೆ ಮುರಿದುಕೊಳ್ಳುವುದು ಹೊಸದಲ್ಲ. 2024ರಲ್ಲಿ ಸರ್ಕಾರ ಅವರಿಗೆ ಕಾಟಮಯ್ಯ ರಕ್ಷಾ ಕಿಟ್ ಕೊಡಲು ಶುರುಮಾಡಿತು. ಕಾಟಮಯ್ಯ ಅವರ ದೇವರು. ಅಷ್ಟು ವರ್ಷ ಅವನೊಬ್ಬನೇ ಕಾಯುತ್ತಿದ್ದ. ಬಿದ್ದವನನ್ನು ನಾಲ್ಕು ಜನ ಕೈಕಾಲು ಹಿಡಿದೆತ್ತಿ, ತಲೆ ಜೋತಾಡುತ್ತಿರುವಂತೆಯೇ ಆಟೋದಲ್ಲಿ ಮಡಚಿ ಕೂರಿಸುತ್ತಾರೆ. ಪ್ರೀತಿಯಿಂದಲೇ. ಮೊದಲ ಕ್ಲಿನಿಕ್ಕಿನಲ್ಲಿ ಸಿಗುವ ದಾಖಲೆ ಅಂಗೈಯಗಲದ ಚೀಟಿ: ಬಿದ್ದಿದ್ದಾನೆ, ಕುತ್ತಿಗೆ ನೋವು, ಇಂಜೆಕ್ಷನ್ ಕೊಟ್ಟಿದೆ, ಹೈದರಾಬಾದಿಗೆ ಕಳಿಸಿದೆ. ಟೈಮ್ ಬರೆದಿಲ್ಲ. ಕಾಲು ಆಡುತ್ತಿತ್ತೇ ಎಂಬುದಿಲ್ಲ.

ಬೇಕಾದದ್ದು ಅದೊಂದೇ ಆಗಿತ್ತು! ಮೂಳೆಯ ಸಂಕೇತಕ್ಕಿಂತ ಮೊದಲು ಮೆದುಳುಬಳ್ಳಿಯ ಪೆಟ್ಟಿನ ಸಂಕೇತ ಎಸ್14 ಹಾಕಬೇಕೆಂದು ಸಂಹಿತೆಯೇ ಹೇಳುತ್ತದೆ, ಇದೊಂದು ಕಡೆ ಅದರ ಬುದ್ಧಿ ಸರಿಯಾಗಿದೆ. ಬಳ್ಳಿ ಪೂರ್ತಿ ಹೋಗಿದೆಯೋ, ಸ್ವಲ್ಪ ಉಳಿದಿದೆಯೋ? ಕಾಲಿನ ಹೆಬ್ಬೆರಳು ಅಲುಗಿತೇ, ಗುದದ ಸುತ್ತ ಸ್ಪರ್ಶ ಗೊತ್ತಾಯಿತೇ? ಸ್ವಲ್ಪ ಉಳಿದವನು ಮುಂದೆ ನಡೆಯಬಹುದೆಂಬ ಆಸೆಗೆ ಆಧಾರವಿದೆ. ಬಿದ್ದಾಗ ಆಡುತ್ತಿದ್ದ ಕಾಲು ಆಸ್ಪತ್ರೆ ಬಾಗಿಲಲ್ಲಿ ಆಡದಿದ್ದರೆ, ಹಾನಿ ನಡುವೆ ಹೆಚ್ಚಿದೆ, ಎತ್ತಿದ ರೀತಿಯಿಂದಲೂ ಇರಬಹುದು. ಚೀಟಿಯಲ್ಲಿ ಇದ್ದಿದ್ದರೆ ಸರ್ಜನ್‌ಗೆ ಗೊತ್ತಾಗುತ್ತಿತ್ತು, ಬಿದ್ದವನ ಹೆಂಡತಿಗೂ ಗೊತ್ತಾಗುತ್ತಿತ್ತು.

ಓಹಾಯೋದ ಯಾವನದೋ ಡೆನ್ಸ್ ಮುಂದಕ್ಕೆ ಜರುಗಿತೋ ಹಿಂದಕ್ಕೋ ಎಂದು ಮಾಧಾಪುರದಲ್ಲಿ ನೂರಕ್ಕೆ 95 ಸರಿಯಿರಬೇಕೆಂಬ ಆಡಿಟ್ ನಡೆಯುತ್ತದೆ, ಏಕೆಂದರೆ ಅಲ್ಲಿ ಸಂಕೇತಕ್ಕೆ ಡಾಲರ್ ಬರುತ್ತದೆ. ಪಾರಾಯಣ ಮುಗಿಸಿ ಊರಿಗೆ ಹೋದ ಅಲ್ಲಿನ ಕೋಡರ್ ಹುಡುಗಿಯೊಬ್ಬಳಿಗೆ ತನ್ನ ಸೋದರಮಾವನ ಕುತ್ತಿಗೆಯ ಎಷ್ಟನೆಯ ಮೂಳೆ ಮುರಿದಿತ್ತೆಂದು ಹೇಳುವ ಕಾಗದ ಮನೆಯ ಟ್ರಂಕಿನಲ್ಲಿ ಸಿಗುವುದಿಲ್ಲ. ತೆಲಂಗಾಣ ಸರ್ಕಾರದ ಚಿಕಿತ್ಸಾ ಯೋಜನೆ ಆರೋಗ್ಯಶ್ರೀಯ ಮಿತಿ 2023ರ ಡಿಸೆಂಬರಿನಲ್ಲಿ 10 ಲಕ್ಷ ರೂಪಾಯಿಗೆ ಏರಿತು, ಒಳ್ಳೆಯದೇ. ಬಿದ್ದ ಕ್ಷಣದಿಂದ ಆಸ್ಪತ್ರೆಯವರೆಗಿನ ದಾರಿಗೆ ಯಾವ ಪ್ಯಾಕೇಜೂ ಸಾಲದು.

108 ಆ್ಯಂಬುಲೆನ್ಸ್ ಇದೇ ಹೈದರಾಬಾದಿನಲ್ಲಿ 2005ರ ಆಗಸ್ಟ್ 15ರಂದು ಶುರುವಾಯಿತು. ಅದಕ್ಕೆ ಫೋನ್ ಮಾಡಿ. ಅದು ಬರುವವರೆಗೆ ಬಿದ್ದವನನ್ನು ಕೂರಿಸಬೇಡಿ, ನೀರು ಕುಡಿಸಲು ತಲೆ ಎತ್ತಬೇಡಿ, ಇಬ್ಬದಿಗೂ ಕೈಯಿಟ್ಟು ತಲೆ ಅಲುಗದಂತೆ ಹಿಡಿದಿರಿ. ಕಾಲ್ಬೆರಳು ಆಡಿಸು ಎನ್ನಿ. ಆಡಿತೋ ಇಲ್ಲವೋ, ಎಷ್ಟು ಗಂಟೆಗೆ ಎಂದು ಸಿಗರೇಟ್ ಪ್ಯಾಕಿನ ಮೇಲಾದರೂ ಬರೆದು ಅವನ ಜೇಬಿನಲ್ಲಿಟ್ಟು ಕಳಿಸಿ.