ಮೂರ್ತಿ ಚಿಕ್ಕದು, ಖರ್ಚು?

ಆಪಲ್ ಕಂಪನಿ 2024ರಲ್ಲಿ ತಂದ ಮ್ಯಾಕ್ ಮಿನಿ ಕಂಪ್ಯೂಟರಿನ ಅಗಲ 12.7 ಸೆಂಟಿಮೀಟರ್, ಎತ್ತರ ಬರೀ 5. ಮಕ್ಕಳು ಶಾಲೆಗೆ ಒಯ್ಯುವ ಟಿಫಿನ್ ಡಬ್ಬಿಯಷ್ಟು. ಒಳಗೆ ಎಂ4 ಚಿಪ್ಪು, 16 ಜಿಬಿ ಮೆಮೊರಿ. ವಿಡಿಯೋ ಎಡಿಟಿಂಗ್ ಕೊಟ್ಟರೂ ಉಸ್ಸೆನ್ನುವುದಿಲ್ಲ. ಬಿಡುಗಡೆಯಾದಾಗಿನ ಬೆಲೆ 59,900 ರೂಪಾಯಿ. "ಅಷ್ಟೇನಾ!" ಎಂದು ಹಿಗ್ಗಬೇಡಿ.

ಪೆಟ್ಟಿಗೆ ಬಿಚ್ಚಿದರೆ ಯಂತ್ರ, ಜೊತೆಗೊಂದು ವೈರು. ಮಾನಿಟರ್, ಕೀಬೋರ್ಡ್, ಮೌಸ್ ಎಲ್ಲ ನಿಮ್ಮ ತಲೆಮೇಲೆ. ಹಳೇ ಪೆನ್‌ಡ್ರೈವ್ ಚುಚ್ಚೋಣವೆಂದರೆ ಅದಕ್ಕೆ ತೂತೇ ಇಲ್ಲ. 256 ಜಿಬಿ ಸ್ಟೋರೇಜ್ ಸಾಲದು, 512 ಇರಲಿ ಎಂದರೆ, ಬಿಡುಗಡೆಯ ಹೊತ್ತಿಗೆ ಇನ್ನೂ 20,000 ಬಿಚ್ಚಬೇಕಿತ್ತು. ಮೆಮೊರಿಯಂತೂ ಚಿಪ್ಪಿಗೇ ಅಂಟಿಕೊಂಡು ಕೂತಿದೆ. ಆಮೇಲೆ ಹೆಚ್ಚಿಸುವ ಮಾತೇ ಇಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಿಂದ ರ್‍ಯಾಮ್ ತಂದು, ಸ್ಕ್ರೂಡ್ರೈವರ್ ಹಿಡಿದು ಕೂರುವ ಭಾನುವಾರದ ಸುಖಕ್ಕೆ ಎಳ್ಳುನೀರು!

ಪವರ್ ಬಟನ್ ಎಲ್ಲಿ ಅಂತೀರಾ? ಅಡಿಯಲ್ಲಿ! ಹಿಂಬದಿಯ ಮೂಲೆಯನ್ನು ಕೊಂಚ ಎತ್ತಿ, ಬೆರಳು ತೂರಿಸಿ, ತಡಕಿ ಒತ್ತಬೇಕು. "ಆಫ್ ಯಾಕ್ರೀ ಮಾಡ್ತೀರಿ, ಮಲಗೋಕೆ ಬಿಡಿ" ಎನ್ನುತ್ತಾರೆ ಅದರ ಭಕ್ತರು. ಸರಿ ಸ್ವಾಮಿ, ಕರೆಂಟು ಹೋದರೆ? ಲ್ಯಾಪ್‌ಟಾಪಿಗಿರುವ ಬ್ಯಾಟರಿ ಇದಕ್ಕಿಲ್ಲ. ಯುಪಿಎಸ್ ತರಬೇಕು, ಅದರ ಗಾತ್ರವೋ ಇದರ ಅಪ್ಪನಂತಿರುತ್ತದೆ. ಮೇಜಿನ ಮೇಲೆ ಉಳಿಸಿದ ಜಾಗವನ್ನು ಅದು ಮೇಜಿನ ಕೆಳಗೆ ನುಂಗುತ್ತದೆ.

ಇಷ್ಟೆಲ್ಲ ಆಡಿಕೊಂಡರೂ, ಆ ಬೆಲೆಗೆ ಆ ವೇಗ ಸುಳ್ಳಲ್ಲ. ಮನೆಯಲ್ಲಿ ಒಳ್ಳೆಯ ಮಾನಿಟರ್, ಯುಪಿಎಸ್ ಆಗಲೇ ಇದ್ದರೆ ಕಣ್ಣುಮುಚ್ಚಿ ಕೊಳ್ಳಿ. ಇಲ್ಲದಿದ್ದರೆ ಅಂಗಡಿಗೆ ಹೋಗುವ ಮುಂಚೆ ಕಾಗದ-ಪೆನ್ನು ಹಿಡಿದು ಒಮ್ಮೆ ಕೂಡಿಸಿ ನೋಡಿ.